ಗಿಡವೂ ಹಾಯುತ್ತದೆ: ಕೊಲ್ಹಾಪುರದ ಚರಿತ್ರೆಯ ಬರಹಗಳನ್ನು ಕುರಿತು

ಕೋಣಗಳೆರಡು ಕಾದಾಡಿದರೆ ಗಿಡಕ್ಕೆ ಕೇಡು ಎಂಬ ಮಾತು ನಮ್ಮಲ್ಲಿದೆ. ಚೀನಾ ಮತ್ತು ಜಪಾನುಗಳ ನಡುವೆ ಸಿಕ್ಕಿದ ಕೊರಿಯಾದವರು ಇದನ್ನೇ ಕಡಲಿನ ಭಾಷೆಯಲ್ಲಿ ಹೇಳುತ್ತಾರೆ: ತಿಮಿಂಗಿಲಗಳ ಜಗಳದಲ್ಲಿ ಸಿಗಡಿಯ ಬೆನ್ನು ಮುರಿಯುತ್ತದೆ. ನಮ್ಮ ಕರಾವಳಿಯವರು ಎಟ್ಟಿ ಎನ್ನುವ ಆ ಬಡಪಾಯಿ ಜೀವಿಯನ್ನು ನೆನೆದರೆ ಮಾತಿನ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. ಎರಡು ಗಾದೆಗಳಲ್ಲೂ ಒಂದೇ ದೋಷವಿದೆ. ಗಿಡವಾಗಲಿ ಸಿಗಡಿಯಾಗಲಿ ಅಲ್ಲಿ ಏನನ್ನೂ ಮಾಡುವುದಿಲ್ಲ, ಬರಿದೇ ಮುರಿದುಬೀಳುತ್ತದೆ. ಸಣ್ಣ ರಾಜ್ಯಗಳ ಚರಿತ್ರೆಯನ್ನು ಬರೆದವರಲ್ಲಿ ಅನೇಕರು ಈ ಗಾದೆಯನ್ನೇ ಹಿಗ್ಗಿಸಿ ಗ್ರಂಥ ಮಾಡಿದ್ದಾರೆ. ನಮಗೂ ಅದು ಪ್ರಿಯ. ಗಡಿಯಲ್ಲಿ ಕುಳಿತವರಿಗೆ ತಾವು ಗಿಡ ಎಂದುಕೊಳ್ಳುವುದರಲ್ಲಿ ಒಂದು ಬಗೆಯ ಸುಖವಿದೆ.

ಈ ಸುಖವನ್ನು ಸ್ವಲ್ಪ ಪರೀಕ್ಷಿಸಬೇಕೆಂದು ನಾನು ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಕಡೆಗೆ ಓದುಗರನ್ನು ಕರೆಯುತ್ತಿದ್ದೇನೆ. ಕಾಸರಗೋಡಿಗೂ ಆ ಸೀಮೆಗೂ ಎತ್ತಣ ಸಂಬಂಧ ಎಂದು ಕೇಳಬಹುದು. ಮಹಾಜನ ಆಯೋಗದ ವರದಿಯನ್ನು ಕಂಡವರು ಹಾಗೆ ಕೇಳಲಾರರು. ಚಂದ್ರಗಿರಿಯ ಉತ್ತರದ ಕಾಸರಗೋಡು ಎಂಬ ಮಾತು ಇರುವ ಅದೇ ವರದಿಯಲ್ಲಿ ಗಡಹಿಂಗ್ಲಜ ತಾಲೂಕಿನ ಹಳ್ಳಿಗಳ ಮಾತೂ ಇದೆ. ನಾವು ಕೇರಳದ ಕನ್ನಡಿಗರು, ಅವರು ಮಹಾರಾಷ್ಟ್ರದ ಕನ್ನಡಿಗರು. 1967ರ ಆ ಕಾಗದದಲ್ಲಿ ನಾವು ನೆರೆಮನೆಯವರು. ಆದರೆ ನನ್ನ ವಿಷಯ ಆಯೋಗವಲ್ಲ, ಅದಕ್ಕೂ ಹಿಂದಿನ ಇನ್ನೂರು ಮುನ್ನೂರು ವರ್ಷಗಳ ಬರಹ.

ಕೊಲ್ಹಾಪುರ ಬೇರೆ ರಾಜ್ಯವಾದದ್ದು 1710ರ ಸುಮಾರಿಗೆ, ಛತ್ರಪತಿಯ ಮನೆ ಎರಡಾದಾಗ. ಸಾತಾರೆಯಲ್ಲಿ ಶಾಹು, ಪನ್ಹಾಳಾ ಕೊಲ್ಹಾಪುರಗಳಲ್ಲಿ ರಾಜಾರಾಮನ ವಿಧವೆ ತಾರಾಬಾಯಿ. 1714ರಲ್ಲಿ ತಾರಾಬಾಯಿಯನ್ನೂ ಅವಳ ಮಗನನ್ನೂ ಸವತಿ ರಾಜಸಬಾಯಿಯ ಕಡೆಯವರು ಸೆರೆಯಲ್ಲಿಟ್ಟು, ರಾಜಸಬಾಯಿಯ ಮಗ ಎರಡನೆಯ ಸಂಭಾಜಿಯನ್ನು ಪಟ್ಟಕ್ಕೇರಿಸಿದರು. ಈ ಸಂಭಾಜಿ ಸಾತಾರೆಯನ್ನು ಇದಿರಿಸಲು ಹೈದರಾಬಾದಿನ ನಿಜಾಮನ ಜೊತೆ ಕೂಡಿದ. 1728ರಲ್ಲಿ ಪಾಲ್ಖೇಡದಲ್ಲಿ ಬಾಜೀರಾಯ ನಿಜಾಮನನ್ನು ಸಿಕ್ಕಿಹಾಕಿಸಿದ ಮೇಲೆ ಆ ಆಸರೆ ಹೋಯಿತು. 1731ರ ಏಪ್ರಿಲಿನಲ್ಲಿ ವಾರಣಾ ಒಪ್ಪಂದ ಆಯಿತು. ವಾರಣೆಯಿಂದ ದಕ್ಷಿಣಕ್ಕೆ ತುಂಗಭದ್ರೆಯವರೆಗಿನ ಪಾಲು ಕೊಲ್ಹಾಪುರಕ್ಕೆ, ಉಳಿದದ್ದು ಸಾತಾರೆಗೆ. ಒಬ್ಬರ ವೈರಿ ಇನ್ನೊಬ್ಬರಿಗೂ ವೈರಿ. ಒಬ್ಬರ ಚಾಕರಿ ಬಿಟ್ಟು ಬಂದವನನ್ನು ಇನ್ನೊಬ್ಬರು ಇಟ್ಟುಕೊಳ್ಳತಕ್ಕದ್ದಲ್ಲ. ಇದರಲ್ಲಿಯೇ ಕೊಪ್ಪಳ ಮತ್ತು ರತ್ನಾಗಿರಿ ಕೋಟೆಗಳ ಅದಲುಬದಲಿನ ಕಲಮೂ ಉಂಟು. ಕೊಪ್ಪಳದವರನ್ನು ಯಾರೂ ಕೇಳಿರಲಿಕ್ಕಿಲ್ಲ. ವಾರಣೆಯಿಂದ ತುಂಗಭದ್ರೆಯವರೆಗೆ ಎಂದು ಒಂದು ಸಾಲಿನಲ್ಲಿ ಬರೆದದ್ದು ಬಹುಮಟ್ಟಿಗೆ ಕನ್ನಡ ಮಾತಾಡುವ ನೆಲ.

ಈ ರಾಜ್ಯದ ಬಾಲ್ಯದಲ್ಲಿಯೇ ಒಂದು ದೊಡ್ಡ ಬರಹ ಹುಟ್ಟಿತು. ರಾಮಚಂದ್ರಪಂತ ಅಮಾತ್ಯನ 'ಆಜ್ಞಾಪತ್ರ'. 1715-16ರ ಸುಮಾರಿನದು. ಪಂತ ಸಾಮಾನ್ಯ ಮುತ್ಸದ್ದಿಯಲ್ಲ. ರಾಜಾರಾಮ ಜಿಂಜಿಯಲ್ಲಿ ಸಿಕ್ಕಿಕೊಂಡಿದ್ದ ಕಾಲದಲ್ಲಿ ಇತ್ತ ಸಹ್ಯಾದ್ರಿಯ ರಾಜ್ಯವನ್ನು ಔರಂಗಜೇಬನ ಸೈನ್ಯದ ಬಾಯಿಂದ ಉಳಿಸಿದವನು. ಅವನ ಗ್ರಂಥವನ್ನು ಮರಾಠಿ ವಿದ್ವಾಂಸರು ರಾಜನೀತಿಯ ಶ್ರೇಷ್ಠ ಕೃತಿ ಎಂದು ಹೊಗಳುತ್ತ ಬಂದಿದ್ದಾರೆ. ಹೊಗಳಿಕೆ ಅಕಾರಣವಲ್ಲ. ಹಡಗು ಕಟ್ಟಲು ಮರ ಬೇಕಾದಾಗ ರೈತನ ಮಾವು ಹಲಸುಗಳಿಗೆ ಕೈಹಾಕಬೇಡಿ, ಅವನ್ನು ಅವನು ಮಕ್ಕಳಂತೆ ಸಾಕಿದ್ದಾನೆ ಎಂಬ ಅರ್ಥದ ಮಾತನ್ನು ಹದಿನೆಂಟನೆಯ ಶತಮಾನದ ಆರಂಭದ ಒಬ್ಬ ಮಂತ್ರಿ ಬರೆದನೆಂದರೆ ಅದು ಸಣ್ಣ ಸಂಗತಿಯಲ್ಲ. ಟೋಪಿಕಾರರ ವಿಷಯದಲ್ಲಂತೂ ಅವನ ಕಣ್ಣು ಬಲು ಚುರುಕು. ಇವರು ಬೇರೆ ಸಾಹುಕಾರರಂತಲ್ಲ, ಇವರ ಬೆನ್ನಿಗೆ ರಾಜರಿದ್ದಾರೆ, ಕಡಲ ದಂಡೆಯಲ್ಲಿ ಜಾಗ ಕೊಡಬೇಡಿ, ಕೊಡಲೇಬೇಕಾದರೆ ಒಳನಾಡಿನಲ್ಲಿ ಕೊಡಿ ಎನ್ನುತ್ತಾನೆ. ಅಲ್ಲಿಂದ ಐವತ್ತು ವರ್ಷಕ್ಕೆ, 1765ರಲ್ಲಿ, ಇಂಗ್ಲಿಷರು ಮಾಲವಣದ ಸಿಂಧುದುರ್ಗವನ್ನೇ ಹಿಡಿದರು. ಕೊಲ್ಹಾಪುರ ಅದನ್ನು ಮರುವರ್ಷ ಕರಾರು ಮಾಡಿಕೊಂಡು ಬಿಡಿಸಿಕೊಳ್ಳಬೇಕಾಯಿತು.

ಇಷ್ಟಾದರೂ ಆಜ್ಞಾಪತ್ರವನ್ನು ಓದಿ ಮುಗಿಸಿದಾಗ ಒಂದು ಕೊರತೆ ಕಾಡುತ್ತದೆ. ರಾಜ್ಯವೇ ಎರಡು ಹೋಳಾದ ಹೊತ್ತಿನಲ್ಲಿ ಅದನ್ನು ಬರೆದದ್ದು. ಎದುರಿನ ಶತ್ರು ಸ್ವಂತ ದಾಯಾದಿ. ಬರೆಯುತ್ತಿರುವವನು ಆ ಒಡಕಿನಲ್ಲಿ ಪಾತ್ರಧಾರಿ, 1714ರ ಪಟ್ಟದ ಬದಲಾವಣೆಯಲ್ಲಿ ಸಂಭಾಜಿಯ ಕಡೆ ನಿಂತವನು. ಅದರ ಬಗ್ಗೆ ಅವನಲ್ಲಿ ಲೆಕ್ಕ ಒಪ್ಪಿಸುವ ಮಾತಿಲ್ಲ. ಕೋಟೆ ಹೇಗಿರಬೇಕು, ನೌಕಾಬಲ ಹೇಗಿರಬೇಕು, ವತನದಾರರನ್ನು ಹೇಗಿಡಬೇಕು ಎಂದು ಹೇಳುತ್ತಾನೆಯೇ ಹೊರತು, ನಾವು ಎಲ್ಲಿ ತಪ್ಪಿದೆವು ಎಂದು ಹೇಳುವುದಿಲ್ಲ. ನೀತಿಗ್ರಂಥದ ಜಾಯಮಾನವೇ ಅದು ಎಂದು ಸಮಾಧಾನ ಹೇಳಬಹುದು. ನನಗೆ ಆ ಸಮಾಧಾನ ಸಾಲದು, ಯಾಕೆಂದರೆ ಇದೇ ಬಗೆಯ ಇಕ್ಕಟ್ಟಿನಿಂದ ಬಂದ ಇನ್ನೊಂದು ಪುಸ್ತಕ ನನ್ನ ಮುಂದಿದೆ.

ಅದು ಕೊರಿಯಾದ ಯು ಸೊಂಗ್‌ನ್ಯೊಂಗ್ ಬರೆದ 'ಜಿಂಗ್‌ಬಿರೋಕ್'. 1592ರಲ್ಲಿ ಜಪಾನಿನ ಹಿದೆಯೋಷಿ ಚೀನಾವನ್ನು ಗೆಲ್ಲಲು ಹೊರಟು, ದಾರಿಯಲ್ಲಿದ್ದ ಕೊರಿಯಾದ ಮೇಲೆ ಸೈನ್ಯ ಇಳಿಸಿದ. ಪೂಸಾನಿನಲ್ಲಿ ಇಳಿದ ಸೈನ್ಯ ಮೂರು ವಾರದೊಳಗೆ ರಾಜಧಾನಿಯನ್ನು ಸೇರಿತು. ರಾಜ ಓಡಿಹೋಗಿ ಚೀನಾದ ಗಡಿಯ ಹೊಳೆಯ ದಂಡೆಯಲ್ಲಿ ಕುಳಿತ. ಚೀನಾದ ಮಿಂಗ್ ದೊರೆಯ ಸೈನ್ಯ ಸಹಾಯಕ್ಕೆ ಬಂತು. ಆಮೇಲೆ ವರ್ಷಗಟ್ಟಲೆ ಮಾತುಕತೆ ನಡೆದದ್ದು ಚೀನಾ ಮತ್ತು ಜಪಾನುಗಳ ನಡುವೆ. ಕೊರಿಯಾದ ದಕ್ಷಿಣದ ನಾಲ್ಕು ಪ್ರಾಂತಗಳನ್ನು ತನಗೆ ಬಿಡಬೇಕೆಂದು ಹಿದೆಯೋಷಿ ಕೇಳಿದ್ದ, ಆದರೆ ಯಾರ ನೆಲದ ಮಾತು ನಡೆದಿತ್ತೋ ಅವರು ಮಾತುಕತೆಯ ಹೊರಗೆ. 1598ರಲ್ಲಿ ಹಿದೆಯೋಷಿ ಸತ್ತ ಮೇಲೆಯೇ ಯುದ್ಧ ಮುಗಿದದ್ದು. ಯು ಈ ಕಾಲದುದ್ದಕ್ಕೂ ದೊಡ್ಡ ಮಂತ್ರಿ. ಯುದ್ಧ ಮುಗಿಯುವ ಹೊತ್ತಿಗೆ ಅವನನ್ನು ಕೆಲಸದಿಂದ ತೆಗೆದರು. ಊರಿಗೆ ಹೋಗಿ ಕುಳಿತು ಪುಸ್ತಕ ಬರೆದ. ತಪ್ಪನ್ನು ತಿದ್ದಿಕೊಂಡು ಮುಂದಿನ ಕೇಡಿಗೆ ಎಚ್ಚರವಾಗಿರುವ ದಾಖಲೆ ಎಂಬುದು ಅದರ ಹೆಸರಿನ ಅರ್ಥ.

ಈ ಪುಸ್ತಕದ ಬಲ ಅದರ ಆರಂಭದಲ್ಲೇ ಇದೆ. ಯುದ್ಧಕ್ಕೆ ಮುಂಚೆ ಜಪಾನಿಗೆ ಹೋಗಿದ್ದ ಇಬ್ಬರು ರಾಯಭಾರಿಗಳು 1591ರಲ್ಲಿ ಮರಳಿದರು. ಹ್ವಾಂಗ್ ಯುನ್‌ಗಿಲ್ ಯುದ್ಧ ಖಂಡಿತ ಎಂದ. ಕಿಮ್ ಸೊಂಗ್‌ಇಲ್ ಅಂಥ ಲಕ್ಷಣ ಕಾಣಲಿಲ್ಲ ಎಂದ. ಇಬ್ಬರೂ ಬೇರೆ ಬೇರೆ ಬಣದವರು, ಆಸ್ಥಾನ ಬಣ ನೋಡಿ ನಂಬಿತು. ಯು ಇದನ್ನು ಮುಚ್ಚುವುದಿಲ್ಲ. ರಾಜ ಪ್ಯೊಂಗ್ಯಾಂಗ್ ಬಿಟ್ಟು ಹೊರಡುವಾಗ ಜನ ದಾರಿಗೆ ಅಡ್ಡ ನಿಂತು ಅಧಿಕಾರಿಗಳನ್ನು ಬೈದು ಹೊಡೆಯಲು ಬಂದದ್ದನ್ನೂ ಬರೆಯುತ್ತಾನೆ. ಮಂತ್ರಿಯೊಬ್ಬ ತಾನು ನಡೆಸಿದ ಸರಕಾರವನ್ನು ಹೀಗೆ ಜನರ ಮುಂದೆ ನಿಲ್ಲಿಸುವುದು ಅಪರೂಪ. ಹಾಗೆಂದು ಯು ಪೂರ್ತಿ ನಿಷ್ಪಕ್ಷಪಾತಿಯೂ ಅಲ್ಲ. ಕಿಮ್ ಅವನ ಬಣದವನು, ಒಂದೇ ಗುರುವಿನ ಶಿಷ್ಯ. ಊರಿಗೆ ಊರೇ ಹೆದರಿ ಗದ್ದಲವಾಗಬಾರದೆಂದು ಕಿಮ್ ಹಾಗೆ ಹೇಳಿದನಂತೆ ಎಂಬ ಸಮಜಾಯಿಷಿಯನ್ನು ಯು ಮೆಲ್ಲಗೆ ಸೇರಿಸುತ್ತಾನೆ. ಓದುವಾಗ ಅಲ್ಲಿ ನಾವು ಸ್ವಲ್ಪ ನಗಬೇಕು. ಆದರೆ ಬಣದ ಮಾತನ್ನು ಬರೆದವನೂ ಅವನೇ ಆದ್ದರಿಂದ ಅವನ ಪಕ್ಷಪಾತವನ್ನು ಹಿಡಿಯಲು ಬೇಕಾದ ದಾರ ಅವನ ಪುಸ್ತಕದಲ್ಲೇ ಸಿಗುತ್ತದೆ. ಪಂತನಲ್ಲಿ ಅಂಥ ದಾರ ಸಿಗುವುದಿಲ್ಲ.

ಆಜ್ಞಾಪತ್ರದಲ್ಲಿ ವತನದಾರರ ಬಗ್ಗೆ ಬರುವ ಭಾಗ ಮಾತ್ರ ನಮ್ಮ ವಿಷಯಕ್ಕೆ ತೀರ ಹತ್ತಿರದ್ದು. ಇವರು ಹೆಸರಿಗೆ ವತನದಾರರು, ನಿಜದಲ್ಲಿ ಪುಟ್ಟ ರಾಜರು, ಪರಚಕ್ರ ಬಂದರೆ ತಮ್ಮ ವತನ ಉಳಿಸಿಕೊಳ್ಳಲು ಮೊದಲು ಹೋಗಿ ಶತ್ರುವನ್ನು ಕಾಣುವವರು ಎಂಬುದು ಅವನ ದೂರು. ದೊಡ್ಡವರ ನಡುವೆ ಸಿಕ್ಕಿದ ಸಣ್ಣ ರಾಜ್ಯ ತನ್ನೊಳಗಿನ ಇನ್ನೂ ಸಣ್ಣವರ ಮೇಲೆ ಹೊರಿಸುವ ಆರೋಪ ಇದು. ಆ ಇನ್ನೂ ಸಣ್ಣವರ ಕಡೆಯಿಂದ ನೋಡಿದರೆ ಏನು ಕಾಣುತ್ತದೆ? ಇಚಲಕರಂಜಿ ಅದಕ್ಕೆ ಉತ್ತರ.

ಇಚಲಕರಂಜಿಯ ಮೂಲಪುರುಷ ನಾರೋ ಮಹಾದೇವ ಜೋಶಿ ಕೊಂಕಣದಿಂದ ಬಂದು ಕಾಪಶಿಯ ಸೇನಾಪತಿ ಸಂತಾಜಿ ಘೋರ್ಪಡೆಯ ಆಶ್ರಯದಲ್ಲಿ ಬೆಳೆದವನು. ಉಪಕಾರ ಸ್ಮರಣೆಗೆ ಒಡೆಯನ ಅಡ್ಡಹೆಸರನ್ನೇ ತನ್ನದಾಗಿ ಮಾಡಿಕೊಂಡ. ಜಹಗೀರು ಬಂದದ್ದು ಕೊಲ್ಹಾಪುರದ ಕಡೆಯ ಮನೆತನದಿಂದ. ಆದರೆ ಅವನ ಮಗ ವೆಂಕಟರಾಯನಿಗೆ ಹೆಣ್ಣು ಬಂದದ್ದು ಪೇಶವೆ ಬಾಲಾಜಿ ವಿಶ್ವನಾಥನ ಮನೆಯಿಂದ. ಅನೂಬಾಯಿ ಮೊದಲ ಬಾಜೀರಾಯನ ತಂಗಿ. ಅಂದಮೇಲೆ ಧಣಿ ಕೊಲ್ಹಾಪುರ, ಬೀಗರು ಪುಣೆ. ಗಂಡ 1745ರಲ್ಲಿ ತೀರಿಕೊಂಡ ಮೇಲೆ ಅನೂಬಾಯಿ ದಶಕಗಳ ಕಾಲ ಸಂಸ್ಥಾನವನ್ನು ನಡೆಸಿದಳು. ಕೊಲ್ಹಾಪುರಕ್ಕೆ ಕೊಡಬೇಕಾದ ಮರ್ಯಾದೆಯನ್ನು ಕೊಡುತ್ತ, ಕೊಲ್ಹಾಪುರದ ಕೈ ಬಿಗಿಯಾದಾಗ ತವರಿನ ಕಡೆ ನೋಡುತ್ತ, ತವರಿನವರ ಕರ್ನಾಟಕದ ದಂಡಯಾತ್ರೆಗಳಿಗೆ ಮನೆಯವರನ್ನು ಕಳಿಸುತ್ತ ನಡೆಸಿದ ಸಂಸಾರ ಅದು. ಪಂತ ಇದ್ದಿದ್ದರೆ ಇವಳನ್ನು ಏನೆನ್ನುತ್ತಿದ್ದ? ಶತ್ರುವನ್ನು ಮೊದಲು ಕಾಣುವ ವತನದಾರಳೆಂದೇ ಅನ್ನುತ್ತಿದ್ದ. ಅನೂಬಾಯಿಗೆ ಪುಣೆ ಶತ್ರುವಲ್ಲ, ತಂದೆಯ ಮನೆ. ಗಡಿ ಎಂಬುದು ಭೂಪಟದಲ್ಲಿರುವಂತೆ ಮನೆಯೊಳಗೂ ಇರುತ್ತದೆ. ಮಂಜೇಶ್ವರದಿಂದ ಮಂಗಳೂರಿಗೂ ಹೊಸದುರ್ಗಕ್ಕೂ ಹೆಣ್ಣು ಕೊಟ್ಟು ತಂದು ಮಾಡುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಸಂಸ್ಥಾನದ ಚರಿತ್ರೆಯನ್ನು 1913ರಲ್ಲಿ ಬರೆದವರು ಮಿರಜದ ವಾಸುದೇವ ವಾಮನ ಖರೆ. ಪಟವರ್ಧನರ ದಫ್ತರದ ಸಾವಿರಾರು ಪತ್ರಗಳನ್ನು 'ಐತಿಹಾಸಿಕ ಲೇಖ ಸಂಗ್ರಹ' ಎಂದು ಸಂಪುಟಗಳಲ್ಲಿ ಹೊರತಂದ ಖರೆಶಾಸ್ತ್ರಿಗಳು ಇವರೇ. ಶಾಲೆಯಲ್ಲಿ ಪಾಠ ಹೇಳುತ್ತ ಇಷ್ಟು ಕೆಲಸ ಮಾಡಿದ ಇವರಿಗೆ ಮೊದಲು ಕೈಮುಗಿಯಬೇಕು. ಆದರೆ ಪಟವರ್ಧನರ ಪತ್ರಗಳಲ್ಲಿ ಕೊಲ್ಹಾಪುರ ಯಾವಾಗಲೂ ಒಂದು ಉಪದ್ರವ. ಪಟವರ್ಧನರಿಗೆ ಅದು ಹಾಗೇ ಇತ್ತು. ಆ ಪತ್ರಗಳ ಮೇಲೆ ನಿಂತು ಚರಿತ್ರೆ ಬರೆದವರ ಬರಹದಲ್ಲಿ ಆ ಸ್ವರ ಸೇರಿಕೊಳ್ಳುತ್ತದೆ. ಕೊಲ್ಹಾಪುರದ ಕಡೆಯ ಮಾತು ಕೇಳಿಸಬೇಕಾದರೆ ಶಿವಾಜಿ ವಿಶ್ವವಿದ್ಯಾಲಯದ ಮೊದಲ ಕುಲಪತಿ ಅಪ್ಪಾಸಾಹೇಬ ಪವಾರರು ಸಂಪಾದಿಸಿದ ತಾರಾಬಾಯಿಯ ಕಾಲದ ಮತ್ತು ಜಿಜಾಬಾಯಿಯ ಕಾಲದ ಕಾಗದಪತ್ರಗಳನ್ನು ನೋಡಬೇಕು. ಎರಡೂ ಕಡೆಯ ಪತ್ರಗಳನ್ನು ಪಕ್ಕದಲ್ಲಿಟ್ಟುಕೊಂಡು ಓದಿದಾಗ ನಾನು ಆರಂಭದಲ್ಲಿ ಹೇಳಿದ ಗಾದೆ ಕುಸಿಯುತ್ತದೆ.

ಯಾಕೆಂದರೆ ಗಿಡವೂ ಹಾಯುತ್ತಿತ್ತು. 1760ರಲ್ಲಿ ಸಂಭಾಜಿ ಮಕ್ಕಳಿಲ್ಲದೆ ಸತ್ತಾಗ ಪೇಶವೆ ಆ ರಾಜ್ಯವನ್ನೇ ನುಂಗಲು ನೋಡಿದ್ದು ನಿಜ. ರಾಣಿ ಜಿಜಾಬಾಯಿ ಅದನ್ನು ತಪ್ಪಿಸಿ 1762ರಲ್ಲಿ ದತ್ತು ತೆಗೆದುಕೊಂಡು, 1773ರಲ್ಲಿ ಸಾಯುವತನಕ ಹಿಡಿತ ಬಿಡದೆ ಆಳಿದ್ದೂ ನಿಜ. ಇದಿಷ್ಟು ಹೇಳಿದರೆ ಕೊಲ್ಹಾಪುರ ಪೆಟ್ಟು ತಿಂದ ಸಾಧು ರಾಜ್ಯ. ಆದರೆ ಅದೇ ಕಾಲದಲ್ಲಿ ಮಾಲವಣದ ಹಡಗುಗಳು ಕಡಲಲ್ಲಿ ಬಂದುಹೋಗುವವರನ್ನು ದೋಚುತ್ತಿದ್ದವು. ಇಂಗ್ಲಿಷರು ಸಿಂಧುದುರ್ಗಕ್ಕೆ ಬಂದದ್ದು ಆ ನೆಪ ಹಿಡಿದೇ. 1770ರ ದಶಕದಲ್ಲಿ ಪುಣೆಯಲ್ಲಿ ಒಳಜಗಳ ಎದ್ದಾಗ ಕೊಲ್ಹಾಪುರ ಹೈದರ್ ಅಲಿಯ ಕಡೆ ವಾಲಿತು. ಪುಣೆಯವರು ಮಹಾದಜಿ ಶಿಂದೆಯನ್ನು ಕಳಿಸಿ 1778ರಲ್ಲಿ ಅದನ್ನು ಬಗ್ಗಿಸಿದರು. ಸಾವಂತವಾಡಿ, ಇಚಲಕರಂಜಿ, ನಿಪ್ಪಾಣಿ, ಪಟವರ್ಧನರು, ಹೀಗೆ ಸುತ್ತಣ ಒಬ್ಬರನ್ನೂ ಬಿಡದೆ ಕಾದಾಟ ನಡೆಯಿತು. 1799ರಲ್ಲಿ ಪಟ್ಟಣಕುಡಿಯಲ್ಲಿ ಕೊಲ್ಹಾಪುರದವರ ಕೈಯಲ್ಲಿ ಪರಶುರಾಮ ಭಾವೂ ಪಟವರ್ಧನ ಸತ್ತ. ಅದಕ್ಕೆ ಸೇಡಾಗಿ ಬಂದ ಮುತ್ತಿಗೆಯಿಂದ ಕೊಲ್ಹಾಪುರ ಪಾರಾದದ್ದು 1800ರಲ್ಲಿ ಪುಣೆಯಲ್ಲಿ ನಾನಾ ಫಡ್ನವೀಸ ಸತ್ತು ಅಲ್ಲಿಯ ವ್ಯವಸ್ಥೆ ಕದಡಿದ್ದರಿಂದ. ಕೊನೆಗೆ 1812ರಲ್ಲಿ ಎಲ್ಫಿನ್‌ಸ್ಟನ್ ನಡುವೆ ಬಂದು ಕರಾರು ಮಾಡಿಸಿದ. ಮಾಲವಣ ಕಂಪನಿಗೆ ಹೋಯಿತು, ಚಿಕ್ಕೋಡಿ ಮನೋಳಿಗಳ ಹಕ್ಕು ಬಿಡಬೇಕಾಯಿತು. ಆಮೇಲೆ ಆ ಚಿಕ್ಕೋಡಿ ಮನೋಳಿ 1818ರ ಸುಮಾರಿಗೆ ಮರಳಿ ಬಂದು, 1827ರಲ್ಲಿ ಮತ್ತೆ ಹೋದವು. ನೆಲವನ್ನು ಹೀಗೆ ಕೊಟ್ಟು ತೆಗೆದುಕೊಳ್ಳುವ ಕಾಗದಗಳನ್ನು ಓದಿ ಬೇಸರ ಬಂದರೆ, ಅವುಗಳ ಮೇಲೆ ಉಳುತ್ತಿದ್ದವನನ್ನು ನೆನೆಯಬೇಕು. ಪ್ರತಿ ಕರಾರಿಗೂ ಅವನ ಕಂದಾಯದ ಬಾಗಿಲು ಬದಲಾಗುತ್ತಿತ್ತು.

ಇದೇ ಹೈದರನ ಹೆಸರು ನಮಗೆ ಬೇರೆ ದಿಕ್ಕಿನಿಂದ ಪರಿಚಿತ. ಇಕ್ಕೇರಿಯವರು ಕಟ್ಟಿದ ಬೇಕಲ ಕೋಟೆ 1763ರಲ್ಲಿ ಅವನ ಕೈಸೇರಿತು, ಟಿಪ್ಪುವಿನ ತರುವಾಯ ಕಂಪನಿಯ ಕೆನರಾ ಜಿಲ್ಲೆಗೆ ಬಂತು. ಕುಂಬಳೆಯ ಅರಸರು, ನೀಲೇಶ್ವರದವರು ಈ ನಡುವೆ ಏನೇನು ಲೆಕ್ಕ ಹಾಕಿದರು, ಯಾರನ್ನು ಕೂಡಿದರು, ಯಾರನ್ನು ಬಿಟ್ಟರು ಎಂಬುದನ್ನು ಕೊಲ್ಹಾಪುರದ ಅಳತೆಗೋಲಿನಿಂದ ಅಳೆದರೆ ಬೇರೆ ಚಿತ್ರ ಬರುತ್ತದೆ. ನಮ್ಮ ಸ್ಥಳೀಯ ಚರಿತ್ರೆಗಳಲ್ಲಿ ಇವರು ಗಿಡವಾಗಿಯೇ ಉಳಿದಿದ್ದಾರೆ.

ಸಣ್ಣ ರಾಜ್ಯ ಯಾರ ಕಡೆ ವಾಲಬೇಕು ಎಂಬ ಪ್ರಶ್ನೆ ಕೊರಿಯಾದಲ್ಲಿ ಮತ್ತೊಮ್ಮೆ ಬಂತು. ಮಿಂಗರು ಕುಸಿಯುತ್ತಿದ್ದಾಗ ಉತ್ತರದಲ್ಲಿ ಮಂಚೂಗಳು ಎದ್ದರು. ಕ್ವಾಂಗ್‌ಹೆ ಎಂಬ ರಾಜ ಇಬ್ಬರ ನಡುವೆ ಹುಷಾರಾಗಿ ಹೆಜ್ಜೆ ಇಟ್ಟ. 1623ರಲ್ಲಿ ಅವನನ್ನು ಇಳಿಸಿದವರು ಅವನ ಮೇಲೆ ಹೊರಿಸಿದ ಅಪರಾಧಗಳಲ್ಲಿ ಇದೂ ಒಂದು. ಅವನ ನಂತರ ಬಂದ ಇಂಜೊ ಮಿಂಗರಿಗೆ ನಿಷ್ಠೆ ತೋರಿಸಿದ. 1627ರಲ್ಲಿ ಒಮ್ಮೆ, 1636ರ ಚಳಿಗಾಲದಲ್ಲಿ ಇನ್ನೊಮ್ಮೆ ಮಂಚೂಗಳು ಬಂದರು. ಬೆಟ್ಟದ ಕೋಟೆಯಲ್ಲಿ ಸಿಕ್ಕಿಬಿದ್ದ ರಾಜನ ಮುಂದೆ ಒಬ್ಬ ಮಂತ್ರಿ ಶರಣಾಗತಿಯ ಪತ್ರ ಬರೆದ, ಇನ್ನೊಬ್ಬ ಅದನ್ನು ಹರಿದ, ಬರೆದವನು ಚೂರುಗಳನ್ನು ಆರಿಸಿಕೊಂಡ ಎಂದು ಕಥೆ. ಹರಿಯುವವರೂ ಬೇಕು, ಆರಿಸುವವರೂ ಬೇಕು ಎಂಬ ಅರ್ಥದಲ್ಲಿ ಇದನ್ನು ಮೆಚ್ಚುವವರಿದ್ದಾರೆ. ನಾನು ಆರಿಸಿದವನ ಪಕ್ಷ. 1637ರಲ್ಲಿ ಇಂಜೊ ಸಾಮ್‌ಜೊಂದೊ ಎಂಬಲ್ಲಿ ಮಂಚೂ ದೊರೆಗೆ ನೆಲಕ್ಕೆ ಹಣೆ ಹಚ್ಚಿದ. ಅಲ್ಲಿ 1639ರಲ್ಲಿ ಒಂದು ಕಲ್ಲು ನೆಡಿಸಿದರು. ಅದರ ಮೇಲೆ ಮೂರು ಭಾಷೆಗಳಿವೆ: ಮಂಚೂ, ಮಂಗೋಲ, ಚೀನೀ. ಕೊರಿಯಾದ ನೆಲ, ಕೊರಿಯಾದ ರಾಜನ ಸೋಲು, ಕೊರಿಯಾದ ಮಂತ್ರಿ ರಚಿಸಿದ ಪಾಠ. ಕೊರಿಯಾದ ಜನರ ಲಿಪಿ ಮಾತ್ರ ಅದರ ಮೇಲಿಲ್ಲ.

ಎರಡು ಭಾಷೆಯ ಈ ವಾರ್ಷಿಕದ ಓದುಗರಿಗೆ ಆ ಕಲ್ಲು ಏನು ಹೇಳುತ್ತದೆಂದು ನಾನು ವಿವರಿಸಬೇಕಾಗಿಲ್ಲ. ಆದರೆ ಆರೋಪವನ್ನು ಮಂಚೂಗಳ ಮೇಲಷ್ಟೇ ಹೊರಿಸುವುದು ಸುಲಭದ ದಾರಿ. ಯು ತನ್ನ ಜಿಂಗ್‌ಬಿರೋಕನ್ನು ಬರೆದದ್ದೂ ಚೀನೀ ಬರಹದಲ್ಲಿಯೇ. ಜನರ ಲಿಪಿಯಾದ ಹಂಗುಲ್ ಆಗಲೇ ನೂರೈವತ್ತು ವರ್ಷ ಹಳೆಯದು. ಜಪಾನಿನವರ ಕಡೆ ಸೇರಿದ ಪ್ರಜೆಗಳನ್ನು ಹಿಂದಕ್ಕೆ ಕರೆಯಬೇಕಾದಾಗ, 1593ರಲ್ಲಿ, ರಾಜ ಹಂಗುಲಿನಲ್ಲಿ ಒಂದು ಆಜ್ಞೆ ಹೊರಡಿಸಿದ. ಜನರ ಭಾಷೆ ಸರಕಾರಕ್ಕೆ ನೆನಪಾದದ್ದು ಜನ ಕೈಬಿಟ್ಟು ಹೋದಾಗ! ಇದಕ್ಕಿಂತ ನನಗೆ ಹೆಚ್ಚು ಬೆಲೆಯೆನಿಸುವುದು ಮಂಚೂ ದಾಳಿಯಲ್ಲಿ ಊರು ಬಿಟ್ಟ ಒಬ್ಬ ಅಧಿಕಾರಿಯ ಹೆಂಡತಿ 1636ರಿಂದ 1640ರವರೆಗೆ ಹಂಗುಲಿನಲ್ಲಿ ಬರೆದ ದಿನಚರಿ. ರಾಜನ ಜೊತೆಗೆ ಹೋದ ಗಂಡನ ದಾರಿ ಕಾಯುತ್ತ ಮನೆವಾರ್ತೆ ನಡೆಸಿದವಳ ಬರಹ. ಯುದ್ಧದ ಚರಿತ್ರೆಗೆ ಅದು ಪುರವಣಿ ಎನ್ನುವವರುಂಟು, ನನ್ನ ಮಟ್ಟಿಗೆ ಅದೇ ಮುಖ್ಯ ಪಾಠ.

ಕೊಲ್ಹಾಪುರ ಸೀಮೆಯಲ್ಲಿ ಕಲ್ಲುಗಳ ಕತೆ ತಿರುವುಮುರುವು. ಖಿದ್ರಾಪುರದ ಕೊಪ್ಪೇಶ್ವರ ಗುಡಿಯಲ್ಲಿ ಕನ್ನಡ ಶಾಸನಗಳಿವೆ, ಕೊಲ್ಹಾಪುರದ ಮಹಾಲಕ್ಷ್ಮಿಯ ಗುಡಿಯಲ್ಲಿಯೂ ಇವೆ. ಶಿಲಾಹಾರರ ಆಶ್ರಯದಲ್ಲಿ ಕರ್ಣಪಾರ್ಯ ಹನ್ನೆರಡನೆಯ ಶತಮಾನದಲ್ಲಿ ನೇಮಿನಾಥಪುರಾಣ ಬರೆದ. ಶಿಲಾಹಾರರನ್ನು ಸೋಲಿಸಿದ ಸೇಉಣ ಸಿಂಘಣ ಅದೇ ಖಿದ್ರಾಪುರದಲ್ಲಿ ಹದಿಮೂರನೆಯ ಶತಮಾನದ ಆರಂಭಕ್ಕೆ ನಾಗರಿ ಲಿಪಿಯಲ್ಲಿ ಸಂಸ್ಕೃತ ಶಾಸನ ಹಾಕಿಸಿದ. ನಮ್ಮ ಉತ್ಸಾಹಿಗಳು ಈ ಕನ್ನಡ ಕಲ್ಲುಗಳನ್ನು ಎಣಿಸಿ ತೃಪ್ತರಾಗುತ್ತಾರೆ. ಎಣಿಕೆ ಬೇಡವೆನ್ನುವುದಿಲ್ಲ. ಆದರೆ ಕಲ್ಲಿನಲ್ಲಿ ಕನ್ನಡ ಇದ್ದ ಕಾಲದಿಂದ ಕಾಗದದ ಕಾಲಕ್ಕೆ ಬಂದಾಗ ಏನಾಯಿತು? ನಾನು ಮೇಲೆ ಹೆಸರಿಸಿದ ಕಾಗದಪತ್ರಗಳೆಲ್ಲ ಮೋಡಿ ಲಿಪಿಯ ಮರಾಠಿ. ಹಿರಣ್ಯಕೇಶಿಯ ದಂಡೆಯ ಗಡಹಿಂಗ್ಲಜದಲ್ಲಿ, ನೂಲ, ಹಲಕರ್ಣಿಗಳ ಕಡೆ ಮನೆಯಲ್ಲಿ ಕನ್ನಡ ಮಾತಾಡುವವನು ಕಚೇರಿಗೆ ಅರ್ಜಿ ಕೊಡಬೇಕಾದರೆ ಕುಲಕರ್ಣಿಯ ಮರಾಠಿಯಲ್ಲಿ ಕೊಡುತ್ತಿದ್ದ. ಅವನ ಮಾತು ದಫ್ತರದಲ್ಲಿ ಇದ್ದರೂ ಇನ್ನೊಬ್ಬರ ಬಾಯಲ್ಲಿ ಇದೆ. ಅದನ್ನು ಮರಾಠಿ ಎಂದು ದೂರ ಇಟ್ಟರೆ ನಮ್ಮವನನ್ನೇ ದೂರ ಇಟ್ಟಂತೆ. ಮೋಡಿ ಕಲಿತು ಆ ಅರ್ಜಿಗಳ ಹಿಂದಿನ ಕನ್ನಡವನ್ನು ಕೇಳಿಸಿಕೊಳ್ಳುವ ಕೆಲಸ ಕನ್ನಡಿಗರಿಂದಲೇ ಆಗಬೇಕಾದದ್ದು.

ಗಡಹಿಂಗ್ಲಜದ ಬಗ್ಗೆ ಇನ್ನೊಂದು ಮಾತು. ಆ ತಾಲೂಕಿನ ನೇಸರಿ ಎಂದರೆ ಮಹಾರಾಷ್ಟ್ರಕ್ಕೆಲ್ಲ ಗೊತ್ತು. 1674ರಲ್ಲಿ ಶಿವಾಜಿಯ ಸೇನಾಪತಿ ಪ್ರತಾಪರಾವ ಗುಜರ ಬಿಜಾಪುರದ ಬಹಲೋಲಖಾನನ ಸೈನ್ಯದ ಮೇಲೆ ಕೆಲವೇ ಸವಾರರೊಡನೆ ಬಿದ್ದು ಸತ್ತ ಜಾಗ. ಕುಸುಮಾಗ್ರಜರ ಪದ್ಯ, ಅದರ ಹಾಡಿಕೆ ಎಲ್ಲ ಸೇರಿ ಅದೊಂದು ತೀರ್ಥವಾಗಿದೆ. ಒಡೆಯನ ಗದರಿಕೆಗೆ ನೊಂದು ಯುದ್ಧನೀತಿ ಮರೆತ ಒಬ್ಬ ಸೇನಾಪತಿಯ ದುಡುಕು ಇದು ಎಂದು ಕಟುವಾಗಿಯೂ ಹೇಳಬಹುದು. ಪದ್ಯ ಆ ಕೆಲಸ ಮಾಡಬೇಕಾಗಿಲ್ಲ, ಚರಿತ್ರೆ ಮಾಡಬೇಕು. ಅದೇ ತಾಲೂಕಿನ ಸಾಮಾನಗಡದಲ್ಲಿ 1844ರ ಜುಲೈಯಲ್ಲಿ ಗಡಕರಿಗಳು ಬಾಗಿಲು ಹಾಕಿಕೊಂಡರು. ರಾಜ ಚಿಕ್ಕವನು, ಕಂಪನಿಯವರು ನೇಮಿಸಿದ ದಾಜಿ ಕೃಷ್ಣ ಪಂಡಿತ ಕೋಟೆಗಳ ಹಳೆಯ ವ್ಯವಸ್ಥೆಯನ್ನು ಮಾಮಲೇದಾರರ ಕೈಕೆಳಗೆ ತರಲು ಹೊರಟಿದ್ದ. ತಲೆಮಾರುಗಳಿಂದ ಕೋಟೆ ಕಾಯ್ದು ಅದಕ್ಕಾಗಿ ಹೊಲ ಉಂಡವರು ತಮ್ಮ ಹೊಲ ಹೋಗುತ್ತದೆಂದು ಎದ್ದರು. ಭೂದರಗಡ, ಪನ್ಹಾಳಾಗಳಿಗೂ ಅದು ಹಬ್ಬಿತು. ಅಕ್ಟೋಬರ್ 13ರಂದು ಕಂಪನಿಯ ಸೈನ್ಯ ಸಾಮಾನಗಡವನ್ನು ಹಿಡಿಯಿತು, ಡಿಸೆಂಬರಿನ ಆರಂಭಕ್ಕೆ ಪನ್ಹಾಳಾವನ್ನು. ಕೋಟೆಗಳನ್ನು ಕೆಡವಿದರು, ಗಡಕರಿಗಳ ಕಾಲ ಮುಗಿಯಿತು. ಪ್ರತಾಪರಾವನಿಗೆ ಬಂದ ಪದ್ಯ ಇವರಿಗೆ ಬರಲಿಲ್ಲ. ಇವರು ಕಾಯುತ್ತಿದ್ದದ್ದು ಸ್ವರಾಜ್ಯವನ್ನೋ ತಮ್ಮ ಹೊಲವನ್ನೋ ಎಂದು ಕೇಳುವ ದೇಶಭಕ್ತ ಇತಿಹಾಸಕಾರರು ಸ್ವಲ್ಪ ತಡವರಿಸುತ್ತಾರೆ. ಹೊಲವನ್ನೇ ಎಂದು ಒಪ್ಪಿಕೊಂಡು ಬರೆಯಲು ಕುಳಿತವನಿಗೆ ಸಾಮಾನಗಡದ ಪಕ್ಕದ ಹಳ್ಳ, ಆ ಹಳ್ಳದ ನೀರು ಕುಡಿದ ಹೊಲ, ಅದರ ಹದ್ದುಬಸ್ತು, ಅದಕ್ಕೆ ಕನ್ನಡದಲ್ಲಿ ಕರೆಯುತ್ತಿದ್ದ ಹೆಸರು, ಎಲ್ಲ ಬೇಕಾಗುತ್ತದೆ. ಅವುಗಳಲ್ಲಿ ಎಷ್ಟೋ ಹೆಸರುಗಳು ಆ ಕಡೆಯ ಹೊಲಗಳಿಗೆ ಈಗಲೂ ಇವೆ.